ಅಪ್ಪನ ಮೊದಲ ವರ್ಷದ ತಿಥಿ: ದಿನ ಗೊತ್ತು ಮಾಡುವುದಕ್ಕೇ ಪಟ್ಟ ಪಾಡು

ಅಪ್ಪನ ಮೊದಲ ವರ್ಷದ ತಿಥಿ ಕಳೆದ ತಿಂಗಳು ಮುಗಿಯಿತು. ಅಡುಗೆ, ಜಾಗ, ಬ್ರಾಹ್ಮಣರು ಎಲ್ಲ ಹೇಗೋ ಹೊಂದಿತು. ತಲೆ ಕೆಡಿಸಿದ್ದು ಅದಕ್ಕೂ ಮುಂಚಿನ ಕೆಲಸ. ಯಾವ ದಿನ ಮಾಡಬೇಕು ಅನ್ನುವುದೇ ಯುಗಾದಿ ಕಳೆದು ಎಷ್ಟೋ ದಿನ ಇತ್ಯರ್ಥ ಆಗಲಿಲ್ಲ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ದಿನ ಹೇಳುತ್ತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಆಧಾರ. ನಿಮ್ಮ ಮನೆಯಲ್ಲೂ ಇಂಥ ಕಾರ್ಯ ಬರುವುದಿದ್ದರೆ ಇದನ್ನು ಓದಿಟ್ಟುಕೊಳ್ಳಿ. ದುಃಖದ ಹೊತ್ತಲ್ಲಿ ಮೊದಲ ಸಲ ಪಂಚಾಂಗ ಕಲಿಯುವ ಫಜೀತಿ ಯಾರಿಗೂ ಬೇಡ.

ಅಪ್ಪ ಹೋಗಿದ್ದು ಕಳೆದ ವರ್ಷ ಜೂನ್‌ನಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಗುರುವಾರ ರಾತ್ರಿ ಕಳೆದು ಶುಕ್ರವಾರ ಬೆಳಕು ಹರಿಯುವುದರೊಳಗೆ. ಮರಣ ಪ್ರಮಾಣಪತ್ರದಲ್ಲಿ 06-06-2025 ಎಂದಿದೆ. ಬ್ಯಾಂಕು, ಪಿಂಚಣಿ, ಮನೆಯ ಖಾತೆ ಬದಲಾವಣೆ ಅಂತ ಎಲ್ಲ ಅರ್ಜಿಯಲ್ಲೂ ಅದೇ ತಾರೀಖು ಬರೆದು ಬರೆದು ಎಲ್ಲರ ತಲೆಯಲ್ಲೂ ಅದೇ ಕೂತಿತ್ತು. ನ್ಯೂಜೆರ್ಸಿಯಲ್ಲಿರುವ ತಮ್ಮ ಆ ಲೆಕ್ಕದಲ್ಲೇ ಈ ವರ್ಷ ಜೂನ್ 3ಕ್ಕೆ ಬಂದಿಳಿಯುವ ಹಾಗೆ ಟಿಕೆಟ್ ಮಾಡಿಸಿದ್ದ. ಕರ್ತೃ ಅವನೇ. ಅವನಿಲ್ಲದೆ ಕಾರ್ಯ ನಡೆಯುವುದಿಲ್ಲ.

ನೀವು ಕೇಳಬಹುದು, ವರ್ಷವಿಡೀ ಮಾಸಿಕ ಮಾಡಿದ್ದರೆ ತಿಥಿ ಗೊತ್ತಿರುತ್ತಿತ್ತು ಅಲ್ವಾ ಅಂತ. ನಿಜ. ಆದರೆ ತಮ್ಮನಿಗೆ ರಜೆ ಇರಲಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಮಾಡುವ ಹಾಗೆ ಮಾಸಿಕಗಳನ್ನೆಲ್ಲ 12ನೇ ದಿನವೇ ಸಪಿಂಡೀಕರಣದ (ಹೋದವರನ್ನು ಪಿತೃಗಳ ಜೊತೆ ಸೇರಿಸುವ ಕರ್ಮದ) ಜೊತೆ ಮುಗಿಸಿದ್ದೆವು. ಆಗ ಮಾಡಿಸಿದವರು ಛತ್ರದ ಕಡೆಯಿಂದ ಬಂದ ಪುರೋಹಿತರು. ಆಮೇಲೆ ಅವರ ಸಂಪರ್ಕವೇ ಇಲ್ಲ. ಅವರು ಕೊಟ್ಟ ಚೀಟಿಯಲ್ಲಿ ಸಾಮಾನಿನ ಪಟ್ಟಿ ಇತ್ತು, ತಿಥಿ ಇರಲಿಲ್ಲ.

ಈ ವರ್ಷ ಯುಗಾದಿ ಮಾರ್ಚ್ 19ಕ್ಕೆ ಬಂತು. ಸೂತಕದ ವರ್ಷವಾದ್ದರಿಂದ ಹಬ್ಬ ಇರಲಿಲ್ಲ. ಆ ದಿನ ಹಾಸನದಿಂದ ಅತ್ತೆ ಫೋನ್ ಮಾಡಿದರು. "ಅಣ್ಣನ ತಿಥಿ ಜ್ಯೇಷ್ಠ ಶುದ್ಧ ದಶಮಿ. ಈ ವರ್ಷ ಎರಡು ಜ್ಯೇಷ್ಠ ಇದೆ ಕಣೇ, ಜೋಯಿಸರನ್ನ ಕೇಳಿಬಿಡು" ಅಂದರು. ನಾನು ಗೋಡೆ ಕ್ಯಾಲೆಂಡರಿನ ಹಳೆಯ ಹಾಳೆ ನೋಡಿದೆ. 2025ರ ಜೂನ್ 6ರ ಚೌಕದಲ್ಲಿ ಏಕಾದಶಿ ಎಂದಿತ್ತು. ಅದೂ ನಿರ್ಜಲ ಏಕಾದಶಿ. ಅತ್ತೆಗೆ ಹೇಳಿದರೆ ಒಪ್ಪಲೇ ಇಲ್ಲ. "ಸುಮ್ನೆ ಏನೇನೋ ಹೇಳಬೇಡ. ಆವತ್ತು ರಾತ್ರಿ ನಾನು ದಶಮಿ ಊಟ ಮಾಡಿ ಮಲಗಿದ್ದೆ. ಸುದ್ದಿ ಬಂದಾಗ ಇನ್ನೂ ಕತ್ತಲೆ." ತಮ್ಮನ ಫೋನಿನ ಆ್ಯಪ್ ಬೇರೆಯೇ ಹೇಳುತ್ತಿತ್ತು. ಅವನಿಗೆ ಸುದ್ದಿ ಮುಟ್ಟಿದ್ದು ಅಲ್ಲಿನ ಲೆಕ್ಕದಲ್ಲಿ ಜೂನ್ 5ರ ಸಂಜೆ. ಆ ಹೊತ್ತಿಗೆ ಅಲ್ಲಿ ಏಕಾದಶಿ ಶುರುವಾಗಿತ್ತು. ಅಂದರೆ ತಾರೀಖು 5 ಅಂದರೂ ಅವನದು ಏಕಾದಶಿ, ನನ್ನದು 6ರ ಏಕಾದಶಿ, ಅತ್ತೆಯದು ದಶಮಿ. ಅಮ್ಮ ಮಾತ್ರ "ನಂಗೇನೂ ನೆನಪಿಲ್ಲ, ನೀವೇ ನೋಡ್ಕೊಳಿ" ಅಂದು ಒಳಗೆ ಹೋದರು.

ಊರಿನ ಜೋಯಿಸರಿಗೆ ಫೋನ್ ಮಾಡಿ ಪ್ರಮಾಣಪತ್ರದ ಫೋಟೊ ಕಳಿಸಿದೆ. "ಇದು ಸರ್ಕಾರಕ್ಕೆ ಕಣಮ್ಮ. ನನಗೆ ಗಂಟೆ ಬೇಕು. ಪ್ರಾಣ ಹೋದ ಗಂಟೆ, ನಿಮಿಷ" ಅಂದರು. ಪ್ರಮಾಣಪತ್ರದಲ್ಲಿ ಗಂಟೆ ಇರುವುದಿಲ್ಲ. ತಾರೀಖು, ಸ್ಥಳ, ನೋಂದಣಿ ಸಂಖ್ಯೆ, ಅಷ್ಟೇ. ತಾರೀಖು ಬದಲಾಗುವುದು ನಡುರಾತ್ರಿ 12ಕ್ಕೆ. ನಮ್ಮ ಲೆಕ್ಕದ ವಾರ ಬದಲಾಗುವುದು ಸೂರ್ಯೋದಯಕ್ಕೆ. ತಿಥಿ ಬದಲಾಗುವುದು ಇವೆರಡನ್ನೂ ಕೇಳದೆ, ತನಗೆ ಬೇಕಾದ ಹೊತ್ತಿಗೆ. ನಡುರಾತ್ರಿಗೂ ಸೂರ್ಯೋದಯಕ್ಕೂ ನಡುವೆ ಹೋದವರ ವಿಷಯದಲ್ಲಿ ಈ ಮೂರೂ ಮೂರು ದಿಕ್ಕು. ಅಪ್ಪ ಹೋಗಿದ್ದು ಸರಿಯಾಗಿ ಆ ಸಂದಿನಲ್ಲಿ.

ಇಲ್ಲಿ ತಿಥಿ ಅಂದರೆ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಇದು ಗೊತ್ತಿದ್ದರೆ ಉಳಿದ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಸೂರ್ಯ ಚಂದ್ರರನ್ನು ಗಡಿಯಾರದ ಎರಡು ಮುಳ್ಳು ಅಂದುಕೊಳ್ಳಿ. ಅಮಾವಾಸ್ಯೆ ಮುಗಿಯುವಾಗ ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಚಂದ್ರನ ಮುಳ್ಳು ಬೇಗ ಓಡುತ್ತದೆ. ಎರಡರ ನಡುವೆ 12 ಡಿಗ್ರಿ ಅಂತರ ಬಿದ್ದಾಗ ಪಾಡ್ಯ ಮುಗಿಯಿತು, 24 ಆದಾಗ ಬಿದಿಗೆ ಮುಗಿಯಿತು, 120ಕ್ಕೆ ದಶಮಿ, 180ಕ್ಕೆ ಹುಣ್ಣಿಮೆ. ಹೀಗೆ 30 ತಿಥಿ ಸುತ್ತಿ ಬರಲು ಸರಾಸರಿ 29 ದಿನ ಹನ್ನೆರಡೂ ಮುಕ್ಕಾಲು ಗಂಟೆ ಬೇಕು. ಚಂದ್ರನ ದಾರಿ ಪೂರ್ತಿ ದುಂಡಗಿಲ್ಲ. ಭೂಮಿಗೆ ಹತ್ತಿರ ಬಂದಾಗ ಬಿರುಸಾಗಿ ಓಡುತ್ತಾನೆ, ದೂರ ಹೋದಾಗ ನಿಧಾನ. ಅದಕ್ಕೇ ಒಂದು ತಿಥಿ 20 ಗಂಟೆಯಲ್ಲೇ ಮುಗಿಯಬಹುದು, ಇನ್ನೊಂದು 26 ಗಂಟೆ ದಾಟಬಹುದು. ಉದ್ದದ ತಿಥಿ ಎರಡು ಸೂರ್ಯೋದಯ ಕಂಡರೆ ಪಂಚಾಂಗದಲ್ಲಿ ಎರಡು ದಿನ ಅದೇ ಹೆಸರು. ಗಿಡ್ಡ ತಿಥಿ ಒಂದೂ ಸೂರ್ಯೋದಯ ಕಾಣದಿದ್ದರೆ ಅದು ಕ್ಷಯ ತಿಥಿ.

ಗೋಡೆ ಕ್ಯಾಲೆಂಡರಿನ ಚೌಕದಲ್ಲಿ ಬರೆಯುವುದು ಆ ದಿನ ಸೂರ್ಯೋದಯಕ್ಕೆ ಯಾವ ತಿಥಿ ಇತ್ತೋ ಅದನ್ನು. ಜೂನ್ 6ರ ಸೂರ್ಯೋದಯಕ್ಕೆ ಏಕಾದಶಿ ಇತ್ತು, ಆದ್ದರಿಂದ ಚೌಕದಲ್ಲಿ ಏಕಾದಶಿ. ಅದಕ್ಕೆ ಮುಂಚೆ ರಾತ್ರಿ ಏನಿತ್ತು ಅನ್ನುವುದನ್ನು ಆ ಚೌಕ ಹೇಳುವುದಿಲ್ಲ. ಅದಕ್ಕೆ ಹಿಂದಿನ ದಿನದ ಸಾಲು ನೋಡಬೇಕು.

ಹಿಂದಿನ ದಿನದ ಸಾಲು ನೋಡಲು ಹಳೆಯ ಪಂಚಾಂಗ ಬೇಕಲ್ಲ. ಅಪ್ಪ ಹೋದದ್ದು ವಿಶ್ವಾವಸು ಸಂವತ್ಸರ. ಯುಗಾದಿ ಕಳೆದ ಮೇಲೆ ಅಂಗಡಿಯಲ್ಲಿ ಸಿಗುವುದೆಲ್ಲ ಪರಾಭವದ್ದು. ಗಾಂಧಿ ಬಜಾರಿನಲ್ಲಿ ಕೇಳಿದರೆ "ಹಳೇದು ಯಾರು ಇಡ್ತಾರೆ ಮೇಡಂ" ಅಂದರು. ನಮ್ಮ ಮನೆಯದು ಹಳೆ ಪೇಪರಿನ ಜೊತೆ ಹೋಗಿತ್ತು. ಕೊನೆಗೆ ಸಿಕ್ಕಿದ್ದು ಪಕ್ಕದ ಬೀದಿಯ ದೇವಸ್ಥಾನದ ಅರ್ಚಕರ ಹತ್ತಿರ. ಅವರು ವರ್ಷ ವರ್ಷದ್ದನ್ನೂ ಕಟ್ಟಿ ಇಟ್ಟಿದ್ದರು. ಒಂದು ಮಾತು ಹೇಳುತ್ತೇನೆ: ಮನೆಯಲ್ಲಿ ಯಾರಾದರೂ ಹೋದ ವರ್ಷದ, ಮಗು ಹುಟ್ಟಿದ ವರ್ಷದ ಪಂಚಾಂಗ ಎಸೆಯಬೇಡಿ. ಆ ಪುಟಕ್ಕೆ ಗುರುತು ಹಾಕಿ ಬೀರುವಿನಲ್ಲಿಡಿ.

ಪುಟ ತೆರೆದರೆ ಮೊದಲಿಗೆ ಏನೂ ಅರ್ಥವಾಗಲಿಲ್ಲ. ಸಣ್ಣ ಅಕ್ಷರ, ಅಡ್ಡಡ್ಡ ಸಾಲು. ವಾರ, ತಿಥಿ, ನಕ್ಷತ್ರ, ಯೋಗ, ಕರಣ, ಈ ಐದು ಅಂಗಕ್ಕೇ ಪಂಚಾಂಗ ಅನ್ನುವುದು. ಒಂದೊಂದರ ಮುಂದೆಯೂ ಎರಡೆರಡು ಸಂಖ್ಯೆ. ಅದು ಗಂಟೆ ನಿಮಿಷ ಅಂದುಕೊಳ್ಳಬೇಡಿ. ಎಷ್ಟೋ ಪಂಚಾಂಗಗಳಲ್ಲಿ ಅದು ಘಳಿಗೆ ಮತ್ತು ವಿಘಳಿಗೆ. ಒಂದು ದಿನಕ್ಕೆ 60 ಘಳಿಗೆ, ಒಂದು ಘಳಿಗೆಗೆ 24 ನಿಮಿಷ. ಲೆಕ್ಕ ಶುರು ಸೂರ್ಯೋದಯದಿಂದ.

ಅರ್ಚಕರು ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ ತೋರಿಸಿದರು. ಜೂನ್ 5, ಗುರುವಾರ, ದಶಮಿ ಸುಮಾರು 51 ಘಳಿಗೆ. 51ನ್ನು 24ರಿಂದ ಗುಣಿಸಿದರೆ 1224 ನಿಮಿಷ, ಅಂದರೆ 20 ಗಂಟೆ 24 ನಿಮಿಷ. ಬೆಂಗಳೂರಿನಲ್ಲಿ ಆಗ ಸೂರ್ಯೋದಯ 5.53ರ ಹೊತ್ತಿಗೆ. ಎರಡೂ ಕೂಡಿಸಿದರೆ 26 ಗಂಟೆ 17 ನಿಮಿಷ. 24 ಕಳೆಯಿರಿ. ರಾತ್ರಿ 2 ಗಂಟೆ 17 ನಿಮಿಷ. ಮೊಬೈಲಿನಲ್ಲಿ ನೋಡಿದರೆ ದಶಮಿ ಮುಗಿದದ್ದು 2.15ಕ್ಕೆ ಎಂದಿತ್ತು. ಕೈಲೆಕ್ಕಕ್ಕೆ ಎರಡು ನಿಮಿಷದ ವ್ಯತ್ಯಾಸ ಏನೇನೂ ಅಲ್ಲ. ಕೆಲವು ಆ್ಯಪ್‌ಗಳಲ್ಲಿ ಇದೇ ಹೊತ್ತನ್ನು 26.15 ಅಂತ ತೋರಿಸುತ್ತಾರೆ. ಗಾಬರಿಯಾಗಬೇಡಿ, ಸೂರ್ಯೋದಯದವರೆಗೂ ಹಿಂದಿನ ದಿನವೇ ಅನ್ನುವ ಲೆಕ್ಕದಲ್ಲಿ ಬರೆದದ್ದು ಅದು.

ಆ ದಶಮಿ ಶುರುವಾದದ್ದು ಜೂನ್ 4ರ ರಾತ್ರಿ 11.54ಕ್ಕೆ. 26 ಗಂಟೆಗೂ ಜಾಸ್ತಿ ಎಳೆದ ತಿಥಿ. ಈಗ ಪ್ರಶ್ನೆ ಒಂದೇ ಉಳಿಯಿತು. ಅಪ್ಪ ಹೋಗಿದ್ದು 2.15ಕ್ಕೆ ಮೊದಲೋ ಆಮೇಲೋ?

ತಮ್ಮ ಹೇಳಿದ, "ಅಕ್ಕ, ನೀನು ನನಗೆ ಕಾಲ್ ಮಾಡಿದ್ದು ಬೆಂಗಳೂರಿನ 2.40ಕ್ಕೆ, ಕಾಲ್ ಲಾಗ್ ಇದೆ. ಹಾಗಾದರೆ ಏಕಾದಶಿ." ನಾನು ಕಾಲ್ ಮಾಡಿದ್ದು ಡಾಕ್ಟರು ಬಂದು ಹೇಳಿ, ಅಮ್ಮನನ್ನು ಕೂರಿಸಿ, ಆಮೇಲೆ. ಎಷ್ಟು ಹೊತ್ತು ಆಗಿತ್ತು ಅಂತ ಆ ರಾತ್ರಿ ಯಾರು ಗಡಿಯಾರ ನೋಡುತ್ತಾರೆ?

ಆಸ್ಪತ್ರೆಗೆ ಹೋಗಬೇಕಾಯಿತು. ಗಂಟೆ ಇರುವುದು ಡೆತ್ ಸಮ್ಮರಿಯಲ್ಲಿ. ಆ ಸಮಯದಲ್ಲಿ ಕೊಟ್ಟ ಪ್ರತಿಯನ್ನು ವಿಮೆಯವರಿಗೆ ಕೊಟ್ಟಿದ್ದೆವು, ವಾಪಸ್ ಬಂದಿರಲಿಲ್ಲ. ಮೆಡಿಕಲ್ ರೆಕಾರ್ಡ್ಸ್ ವಿಭಾಗ ನೆಲಮಾಳಿಗೆಯಲ್ಲಿ. ಒಂದು ಅರ್ಜಿ, ಅಪ್ಪನ ಆಧಾರ್ ಜೆರಾಕ್ಸ್, ನನ್ನ ಆಧಾರ್, ಮರಣ ಪ್ರಮಾಣಪತ್ರ, ಒಳರೋಗಿ ನಂಬರ್ ಕೇಳಿದರು. ನಾನು ಮಗಳು ಅನ್ನುವುದಕ್ಕೆ ದಾಖಲೆ ಬೇಕೆಂದರು. ಮದುವೆಯಾದ ಮೇಲೆ ನನ್ನ ಆಧಾರ್‌ನಲ್ಲಿ ಗಂಡನ ಹೆಸರಿದೆ. ಮತ್ತೆ ಮನೆಗೆ ಬಂದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹುಡುಕಿ ತೆಗೆದುಕೊಂಡು ಹೋದೆ. ಮದುವೆಯಾದ ಹೆಣ್ಣುಮಕ್ಕಳು ಇಂಥ ಕೆಲಸಕ್ಕೆ ಹೋಗುವಾಗ ತಂದೆಯ ಹೆಸರಿರುವ ಒಂದು ದಾಖಲೆ ಮೊದಲೇ ಚೀಲದಲ್ಲಿಟ್ಟುಕೊಳ್ಳಿ. "ಯಾತಕ್ಕೆ?" ಎಂಬ ಕಾಲಂನಲ್ಲಿ ಏನು ಬರೆಯುವುದೋ ತಿಳಿಯಲಿಲ್ಲ. "ತಿಥಿ ನೋಡಲು" ಅಂತಲೇ ಬರೆದೆ. ಕೌಂಟರಿನ ಹುಡುಗ ಓದಿ, ತಲೆಯೆತ್ತಿ ನೋಡಿ, "ನಮ್ಮ ಮನೇಲೂ ಇದೇ ಗಲಾಟೆ ಆಗಿತ್ತು" ಅಂದ.

ಕಡತ ಬೇರೆ ಕಡೆಯ ಗೋದಾಮಿನಲ್ಲಿದೆ, ತರಿಸಬೇಕು ಅಂದರು. ಎರಡು ವಾರ ಕಾಯಿಸಿದರು. ನಡುವೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಜೆರಾಕ್ಸ್ ಶುಲ್ಕ ಅಂತ 300 ರೂಪಾಯಿ ಕಟ್ಟಿಸಿಕೊಂಡರು. ಕೊನೆಗೆ ಸಿಕ್ಕಿದ ಹಾಳೆಯನ್ನು ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ಯಾವ ಹೊತ್ತಿಗೆ ನಾಡಿ ಬಿತ್ತು, ಯಾವ ಹೊತ್ತಿಗೆ ಎದೆ ಒತ್ತಲು ಶುರು ಮಾಡಿದರು, ಎಷ್ಟು ಹೊತ್ತು ಒತ್ತಿದರು, ಎಲ್ಲ ನಿಮಿಷ ನಿಮಿಷಕ್ಕೂ ಬರೆದಿತ್ತು. ಬೇಕಾಗಿದ್ದು ಕೊನೆಯ ಸಾಲು ಮಾತ್ರ, ಆದರೆ ಕಣ್ಣು ಮೇಲಿಂದಲೇ ಓದಿಕೊಂಡು ಬಂತು. ಕೊನೆಯ ಸಾಲಿನಲ್ಲಿ 1.35 ಎಂದಿತ್ತು. ಈ ಹಾಳೆ ತರಲು ಸಾಧ್ಯವಾದರೆ ಮನೆಯವರಲ್ಲದವರನ್ನು, ಗೆಳೆಯರನ್ನೋ ಅಳಿಯನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಓದುವ ಕೆಲಸ ಅವರಿಗೆ ಕೊಡಿ.

1.35 ಅಂದರೆ ದಶಮಿ. ಅತ್ತೆಯ ಮಾತೇ ನಿಂತಿತು. ತಮ್ಮನಿಗೆ ಇದನ್ನು ಹೀಗೆ ವಿವರಿಸಿದೆ: ತಿಥಿ ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ, ಗಡಿಯಾರ ಮಾತ್ರ ಬೇರೆ. ಇಲ್ಲಿ 6ರ ರಾತ್ರಿ 1.35 ಆದಾಗ ನಿನ್ನ ಊರಿನಲ್ಲಿ 5ರ ಸಂಜೆ 4.05. ಇಲ್ಲಿ 2.15ಕ್ಕೆ ಮುಗಿದ ದಶಮಿ ಅಲ್ಲಿ 4.45ಕ್ಕೆ ಮುಗಿಯಿತು. ನಿನಗೆ ಸುದ್ದಿ ಬಂದದ್ದು ಅಲ್ಲಿನ 5.10ಕ್ಕೆ, ಆಗ ಏಕಾದಶಿ. ಆದರೆ ಲೆಕ್ಕಕ್ಕೆ ಬರುವುದು ಪ್ರಾಣ ಹೋದ ಹೊತ್ತು, ಸುದ್ದಿ ಬಂದ ಹೊತ್ತಲ್ಲ.

ಜೋಯಿಸರು ಅದಕ್ಕೆ ಒಪ್ಪಿ ಇನ್ನೊಂದು ಮಾತು ಸೇರಿಸಿದರು. ಪಂಚಾಂಗ ಯಾವುದು ಅನ್ನುವುದನ್ನೂ ಮನೆಯಲ್ಲಿ ತೀರ್ಮಾನ ಮಾಡಿಕೊಳ್ಳಿ ಅಂತ. ಕೆಲವು ಮಠ, ಮನೆತನಗಳಲ್ಲಿ ಹಳೆಯ ಸೂರ್ಯಸಿದ್ಧಾಂತದ ಲೆಕ್ಕದ ಪಂಚಾಂಗ ಬಳಸುತ್ತಾರೆ, ಇನ್ನು ಕೆಲವರು ಈಗಿನ ಖಗೋಳ ಲೆಕ್ಕದ ದೃಕ್ ಪಂಚಾಂಗ. ಎರಡರ ನಡುವೆ ತಿಥಿ ಮುಗಿಯುವ ಹೊತ್ತಿನಲ್ಲಿ ಕೆಲವೊಮ್ಮೆ ಗಂಟೆಗಟ್ಟಲೆ ವ್ಯತ್ಯಾಸ ಬರುತ್ತದೆ. ಒಂದೇ ಊರಿನಲ್ಲಿ ಎರಡು ದಿನ ಏಕಾದಶಿ ಆಗುವುದಕ್ಕೆ ಇದೂ ಒಂದು ಕಾರಣ. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಇದನ್ನೆಲ್ಲ ಒಂದು ಮಾಡಲು 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತ್ತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ ಬಂತು. ಸರ್ಕಾರಿ ಗೆಜೆಟ್ಟಿನಲ್ಲಿ ಅದರ ತಾರೀಖು ಕಾಣಿಸುತ್ತದೆ, ಮನೆಯ ಕಾರ್ಯಕ್ಕೆ ಮಾತ್ರ ಎಲ್ಲರೂ ಅವರವರ ಮನೆತನದ ಪಂಚಾಂಗವನ್ನೇ ಹಿಡಿದರು. ನಮ್ಮ ಮನೆಯಲ್ಲಿ ತಾತನ ಕಾಲದಿಂದ ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ. "ಅದನ್ನೇ ಹಿಡೀರಿ, ನಾಲ್ಕು ನೋಡಿದರೆ ನಾಲ್ಕು ದಿನ ಸಿಗುತ್ತೆ" ಅಂದರು ಜೋಯಿಸರು. ನನಗಂತೂ ಈ ಮಾತು ತುಂಬ ಸರಿ ಅನ್ನಿಸಿತು. ಮೊದಲೇ ಒಂದನ್ನು ಹಿಡಿಯದೆ, ರಜೆಗೆ ಹೊಂದುವ ದಿನ ಯಾವುದರಲ್ಲಿದೆ ಅಂತ ಹುಡುಕುವುದಕ್ಕೆ ಕೊನೆ ಇಲ್ಲ.

ಅತ್ತೆಗೆ ನಕ್ಷತ್ರದ ಭಯವೂ ಇತ್ತು. ಧನಿಷ್ಠಾ ಪಂಚಕದಲ್ಲಿ, ಅಂದರೆ ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ, ಹೋದರೆ ಮನೆ ಬಿಡಬೇಕು, ಶಾಂತಿ ಮಾಡಿಸಬೇಕು ಅಂತ ಹಿರಿಯರು ಹೇಳುತ್ತಾರಲ್ಲ. ಆ ರಾತ್ರಿ ಹಸ್ತ ನಕ್ಷತ್ರ ಇತ್ತು. ಪಂಚಕದ ಸಾಲಿಗೆ ಬರುವುದಿಲ್ಲ. ಯೋಗ, ಕರಣ ಯಾರೂ ಕೇಳಲಿಲ್ಲ. ಸಂಕಲ್ಪದಲ್ಲಿ ಹೇಳುವಾಗ ಬೇಕಾಗುತ್ತದೆ, ಅದನ್ನು ಪುರೋಹಿತರೇ ನೋಡಿಕೊಳ್ಳುತ್ತಾರೆ.

ಇನ್ನು ಎರಡು ಜ್ಯೇಷ್ಠದ ವಿಷಯ. ಚಾಂದ್ರಮಾನದ 12 ತಿಂಗಳು ಸುಮಾರು 354 ದಿನಕ್ಕೆ ಮುಗಿಯುತ್ತವೆ. ಸೂರ್ಯನ ವರ್ಷ 365 ದಿನ. ವರ್ಷಕ್ಕೆ 11 ದಿನ ಹಿಂದೆ ಬೀಳುತ್ತಾ ಹೋದರೆ ಯುಗಾದಿ ಮಳೆಗಾಲಕ್ಕೂ ಬರಬಹುದು, ಚಳಿಗಾಲಕ್ಕೂ ಬರಬಹುದು. ಅದನ್ನು ಸರಿಮಾಡಲು ಸುಮಾರು 32, 33 ತಿಂಗಳಿಗೊಮ್ಮೆ ಒಂದು ತಿಂಗಳು ಹೆಚ್ಚಾಗಿ ಬರುತ್ತದೆ. ಅದು ಯಾವುದು ಅಂತ ಯಾರೂ ಕೂತು ಆರಿಸುವುದಿಲ್ಲ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ರಾಶಿ ಬದಲಿಸದಿದ್ದರೆ ಆ ತಿಂಗಳು ಅಧಿಕ. 2023ರಲ್ಲಿ ಶ್ರಾವಣ ಹಾಗಾಗಿತ್ತು. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಸೂರ್ಯ ಮೇ 15ಕ್ಕೆ ವೃಷಭಕ್ಕೆ ಬಂದ, ಆಮೇಲೆ ಅಮಾವಾಸ್ಯೆ ಮುಗಿಯಿತು. ಮುಂದಿನ ಅಮಾವಾಸ್ಯೆ ಮುಗಿದದ್ದು ಜೂನ್ 15ರ ಬೆಳಿಗ್ಗೆ ಎಂಟೂವರೆಯೊಳಗೆ. ಸೂರ್ಯ ಮಿಥುನಕ್ಕೆ ಹೋದದ್ದು ಅದೇ ದಿನ ಮಧ್ಯಾಹ್ನ. ಕೆಲವೇ ಗಂಟೆಗಳ ಅಂತರದಲ್ಲಿ ಇಡೀ ತಿಂಗಳು ಅಧಿಕ ಆಗಿಹೋಯಿತು. ಇದನ್ನು ಓದಿದಾಗ ನನಗೆ ತಲೆಬಿಸಿಯ ನಡುವೆಯೂ ಖುಷಿಯಾಯಿತು.

ಹಾಗಾದರೆ ಅಪ್ಪನ ತಿಥಿ ಅಧಿಕ ಜ್ಯೇಷ್ಠದ ದಶಮಿಗೋ, ಅದರ ಮುಂದಿನ ನಿಜ ಜ್ಯೇಷ್ಠದ ದಶಮಿಗೋ? ಅಧಿಕದ ದಶಮಿ ಮೇ 25ಕ್ಕೆ ಬೀಳುತ್ತಿತ್ತು, ನಿಜದ್ದು ಜೂನ್ 24ಕ್ಕೆ. ಅಧಿಕ ಮಾಸದಲ್ಲಿ ಮದುವೆ, ಗೃಹಪ್ರವೇಶ ಏನೂ ಮಾಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅದೇ ಲೆಕ್ಕದಲ್ಲಿ ನಾವೆಲ್ಲ ನಿಜ ಜ್ಯೇಷ್ಠವೇ ಇರಬೇಕು ಅಂದುಕೊಂಡಿದ್ದೆವು. ಜೋಯಿಸರು ಹೇಳಿದ್ದು ಬೇರೆ. "ವರ್ಷ ವರ್ಷದ ತಿಥಿಗೆ ನಿಜ ಮಾಸವೇ. ಆದರೆ ಮೊದಲ ವರ್ಷದ್ದು ಹಾಗಲ್ಲ. ತೀರಿಕೊಂಡ ತಿಂಗಳಿಂದ ಎಣಿಸಿ 12 ತಿಂಗಳು ತುಂಬುವುದು ಅಧಿಕದ ದಶಮಿಗೆ. ಆಬ್ದಿಕ ಅಲ್ಲೇ ಆಗಬೇಕು." ಮುಂದಿನ ಸಲ ಯಾವಾಗಲಾದರೂ ಜ್ಯೇಷ್ಠ ಅಧಿಕ ಬಂದರೆ ಆಗ ನಿಜದಲ್ಲಿ. ಇದು ನಮ್ಮ ಸಂಪ್ರದಾಯದ ತೀರ್ಮಾನ. ಎರಡೂ ತಿಂಗಳಲ್ಲಿ ಮಾಡುವ ಮನೆಗಳೂ ಇವೆ. ನಿಮ್ಮ ಮನೆಯ ಪುರೋಹಿತರನ್ನೇ ಕೇಳಿ, ಅದೂ ಯುಗಾದಿಗಿಂತ ಮೊದಲೇ ಕೇಳಿ. ಮುಂದಿನ ವರ್ಷ ಅಧಿಕ ಮಾಸ ಇದೆಯೋ ಇಲ್ಲವೋ ಅನ್ನುವುದು ಮೊದಲೇ ಗೊತ್ತಿರುವ ವಿಷಯ.

ನಮಗೆ ತೊಂದರೆ ಆಗಿದ್ದು ಇಲ್ಲೇ. ತಮ್ಮನ ಟಿಕೆಟ್ ಜೂನ್ 3ಕ್ಕೆ. ಕಾರ್ಯ ಮೇ 25ಕ್ಕೆ, ಸೋಮವಾರ. ಬದಲಾಯಿಸಲು ಹೋದರೆ ಅಮೆರಿಕದ ರಜೆ ಶುರುವಾಗುವ ವಾರ, ದರದ ವ್ಯತ್ಯಾಸವೇ ನಮ್ಮ ಹಣದಲ್ಲಿ 40,000 ರೂಪಾಯಿ ದಾಟಿತು. ಅಲ್ಲೇ ಮಾಡಿಬಿಡಲಾ ಅಂತಲೂ ಕೇಳಿದ. ಮಾಡಬಹುದು, ಅಲ್ಲಿನ ಸೂರ್ಯೋದಯ, ಅಲ್ಲಿನ ಹೊತ್ತು ಹಿಡಿದು ಮಾಡಬೇಕು ಅಂದರು ಜೋಯಿಸರು. ಅಮ್ಮ ಅಲ್ಲಿಯವರೆಗೆ ಏನೂ ಹೇಳದೆ ಇದ್ದವರು, "ಮೊದಲನೇ ವರ್ಷ ಅವನು ಇಲ್ಲಿ ಇರಲಿ" ಅಂದರು. ಅಲ್ಲಿಗೆ ಮಾತು ಮುಗಿಯಿತು. ದುಡ್ಡು ಕಟ್ಟಿದ.

ದಿನ ಗೊತ್ತಾಯಿತು ಅನ್ನುವಾಗ ಹೊತ್ತಿನ ಚರ್ಚೆ ಶುರು. ನನ್ನ ಚಿಕ್ಕಪ್ಪನಿಗೆ ರಾಹುಕಾಲದ ಚಿಂತೆ. ಸೋಮವಾರ ಏಳೂವರೆಯಿಂದ ಒಂಬತ್ತು, ಅಷ್ಟರೊಳಗೆ ಶುರು ಮಾಡಬೇಡಿ ಅಂದರು. ಈ ಏಳೂವರೆ ಅನ್ನುವುದು ಸೂರ್ಯ ಸರಿಯಾಗಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದರೆ ಬರುವ ಲೆಕ್ಕ. ನಿಜವಾಗಿ ಹಗಲನ್ನು ಎಂಟು ಪಾಲು ಮಾಡಬೇಕು, ಸೋಮವಾರಕ್ಕೆ ಎರಡನೇ ಪಾಲು. ಮೇ 25ರಂದು ಬೆಂಗಳೂರಿನಲ್ಲಿ ಹಗಲು 12 ಗಂಟೆ 47 ನಿಮಿಷದಷ್ಟು. ಒಂದು ಪಾಲಿಗೆ 96 ನಿಮಿಷ. ಹಾಗಾಗಿ 7.29ರಿಂದ 9.05. ಬೇಸಿಗೆಯಲ್ಲಿ ಪಾಲು ಉದ್ದ, ಚಳಿಗಾಲದಲ್ಲಿ ಗಿಡ್ಡ. ಇಷ್ಟೆಲ್ಲ ಲೆಕ್ಕ ಹಾಕಿ ಜೋಯಿಸರಿಗೆ ಹೇಳಿದರೆ ಅವರು ನಕ್ಕರು. "ಪಿತೃಕಾರ್ಯಕ್ಕೆ ರಾಹುಕಾಲ ಯಾರು ನೋಡ್ತಾರಮ್ಮ? ನಮಗೆ ಬೇಕಾಗಿರೋದು ಅಪರಾಹ್ಣ."

ಅಪರಾಹ್ಣ ಅಂದರೆ ಹಗಲನ್ನು ಐದು ಪಾಲು ಮಾಡಿದಾಗ ನಾಲ್ಕನೆಯದು. ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ಣ, ಸಾಯಾಹ್ನ. ಆ ದಿನದ ಲೆಕ್ಕದಲ್ಲಿ 1.33ರಿಂದ 4.07ರವರೆಗೆ. ಅದಕ್ಕೂ ಮುಂಚೆ ನಡುಹಗಲಿನಲ್ಲಿ ಕುತಪ ಕಾಲ ಅಂತ ಒಂದು ಬರುತ್ತದೆ, ಶ್ರಾದ್ಧ ಶುರು ಮಾಡಲು ಅದು ಒಳ್ಳೆಯ ಹೊತ್ತು. ಸುಮಾರು 11.50ರಿಂದ 12.40. ಅಪರಾಹ್ಣದಲ್ಲಿ ಯಾವ ತಿಥಿ ಇರುತ್ತದೋ ಆ ತಿಥಿಯ ಶ್ರಾದ್ಧ ಆ ದಿನ. ಮೇ 25ರ ಬೆಳಗಿನ ಜಾವ ಶುರುವಾದ ದಶಮಿ 26ರ ಬೆಳಗಿನ ಜಾವದವರೆಗೂ ಇತ್ತು, ಹಾಗಾಗಿ ಗಲಾಟೆ ಇರಲಿಲ್ಲ. ಕೆಲವು ವರ್ಷ ತಿಥಿ ಮಧ್ಯಾಹ್ನ ಮೂರಕ್ಕೆ ಶುರುವಾಗಿ ಮಾರನೆಯ ದಿನ ಎರಡಕ್ಕೆ ಮುಗಿಯುತ್ತದೆ. ಆಗ ಕ್ಯಾಲೆಂಡರಿನ ಚೌಕ ನೋಡಿ ನೀವೇ ತೀರ್ಮಾನ ಮಾಡಬೇಡಿ.

ಇದು ತಿಳಿದ ಮೇಲೆ ಎಷ್ಟೋ ಹಳೆಯ ಅನುಮಾನಗಳು ಹೋದವು. ಒಂದೊಂದು ಆಚರಣೆಗೆ ಒಂದೊಂದು ಹೊತ್ತಿನ ತಿಥಿ ಬೇಕು. ಗಣೇಶ ಚೌತಿಗೆ ಮಧ್ಯಾಹ್ನ ಇರುವ ಚೌತಿ. ಸಂಕಷ್ಟಿಗೆ ಚಂದ್ರೋದಯಕ್ಕೆ ಇರುವ ಚೌತಿ. ಶಿವರಾತ್ರಿಗೆ ನಡುರಾತ್ರಿಯ ಚತುರ್ದಶಿ. ಅದಕ್ಕೇ ಕ್ಯಾಲೆಂಡರಿನಲ್ಲಿ ತದಿಗೆ ಎಂದಿರುವ ದಿನ ಸಂಕಷ್ಟಿ ಬರುವುದು. ತಪ್ಪು ಮುದ್ರಣ ಅಂತ ನಾನು ಎಷ್ಟು ವರ್ಷ ಅಂದುಕೊಂಡಿದ್ದೆನೋ!

ಏಕಾದಶಿ ಎಂದು ತೀರ್ಮಾನವಾಗಿದ್ದರೆ ಇನ್ನೊಂದು ತಿರುವು ಬರುತ್ತಿತ್ತು. ಮಾಧ್ವರು ಏಕಾದಶಿಯ ದಿನ ಶ್ರಾದ್ಧ ಮಾಡುವುದಿಲ್ಲ, ದ್ವಾದಶಿಗೆ ಮಾಡುತ್ತಾರೆ. ಸ್ಮಾರ್ತರಾದ ನಮಗೆ ಆ ನಿಯಮ ಇಲ್ಲ. ಆದರೂ ಉಪವಾಸದ ದಿನ ಬ್ರಾಹ್ಮಣರು ಸಿಗುವುದೇ ಕಷ್ಟ ಅಂತ ಜೋಯಿಸರು ಮೊದಲೇ ಎಚ್ಚರಿಸಿದ್ದರು.

ಜಾಗ ಹುಡುಕುವುದು ಸುಲಭವಾಯಿತು. ಅಧಿಕ ಮಾಸದಲ್ಲಿ ಶುಭಕಾರ್ಯ ಇಲ್ಲವಲ್ಲ, ಅಡುಗೆಯವರೂ ಖಾಲಿ ಇದ್ದರು. ಬಸವನಗುಡಿಯ ಕಡೆ ಶ್ರಾದ್ಧಕ್ಕೆಂದೇ ಜಾಗ ಕೊಡುವ ಕಡೆ ಹೋದೆವು. ಅಲ್ಲಿ ಬುಕಿಂಗ್ ಪುಸ್ತಕದಲ್ಲಿ ಇಂಗ್ಲಿಷ್ ತಾರೀಖು ಮತ್ತು ತಿಥಿ ಎರಡೂ ಕೇಳುತ್ತಾರೆ. ಎರಡೂ ಹೊಂದದಿದ್ದರೆ ಅವರೇ ಹೇಳುತ್ತಾರೆ, ಒಳ್ಳೆಯ ಪದ್ಧತಿ. ಜಾಗ, ಅಡುಗೆ, ಪುರೋಹಿತರು ಮತ್ತು ಬ್ರಾಹ್ಮಣರ ದಕ್ಷಿಣೆ, ದಾನ, ಸಾಮಾನು ಎಲ್ಲ ಸೇರಿ ನಮಗೆ 26,000 ರೂಪಾಯಿಯ ಹತ್ತಿರ ಆಯಿತು. ಮನೆಯಲ್ಲೇ ಮಾಡಿದರೆ ಕಡಿಮೆ. ಆದರೆ ಅಮ್ಮನ ಕೈಲಿ ಆಗುತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸಂಕಲ್ಪ ಶುರುವಾಯಿತು. ಪರಾಭವ ಸಂವತ್ಸರ, ಉತ್ತರಾಯಣ, ಅಧಿಕ ಜ್ಯೇಷ್ಠ, ಶುಕ್ಲಪಕ್ಷ, ದಶಮಿ ಅಂತ ಜೋಯಿಸರು ಹೇಳುತ್ತಾ ಹೋದಾಗ ಒಂದೊಂದು ಮಾತೂ ಈಗ ನನಗೆ ಗೊತ್ತಿತ್ತು. ಊಟ ಮುಗಿಯುವಾಗ ಮೂರೂವರೆ.

ತಿಥಿ ಗೊತ್ತೇ ಆಗದಿದ್ದರೆ ಏನು ಮಾಡುವುದು ಅಂತ ಅವತ್ತು ಪಕ್ಕದ ಪಂಕ್ತಿಯವರೊಬ್ಬರು ಕೇಳಿದರು. ಅವರ ಅಣ್ಣ ಊರು ಬಿಟ್ಟು ಹೋಗಿ ಎಲ್ಲಿ ಯಾವಾಗ ತೀರಿಕೊಂಡರೋ ತಿಳಿಯದು. ಅಂಥವರಿಗೆ ಮಹಾಲಯ ಅಮಾವಾಸ್ಯೆ ಇದೆ ಅಂದರು ಜೋಯಿಸರು. ಭಾದ್ರಪದ ಬಹುಳದ ಕೊನೆಯ ದಿನ ಎಲ್ಲ ಪಿತೃಗಳಿಗೂ ಸಲ್ಲುತ್ತದೆ.

ನಮಗೂ ಮುಂದೆ ಬರುವುದು ಆ ಪಕ್ಷವೇ. ಮೊದಲ ವರ್ಷ ಮುಗಿದದ್ದರಿಂದ ಇನ್ನು ಮಹಾಲಯ ಮಾಡಬಹುದು. ತಮ್ಮ ವಾಪಸ್ ಹೋಗುವ ಮೊದಲು ಅವನ ಆ್ಯಪ್ ತೆರೆದು ಎರಡು ಕಡೆ ಬದಲಾಯಿಸಿದೆ. ಊರು ಅವನದೇ ಇರಬೇಕು. ತಿಂಗಳ ಲೆಕ್ಕ ಅಮಾಂತ, ಅಂದರೆ ಅಮಾವಾಸ್ಯೆಗೆ ತಿಂಗಳು ಮುಗಿಯುವ ಲೆಕ್ಕ, ಇರಬೇಕು. ಉತ್ತರ ಭಾರತದ ಪೂರ್ಣಿಮಾಂತ ಲೆಕ್ಕದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ಆದ್ದರಿಂದ ನಮ್ಮ ಭಾದ್ರಪದ ಬಹುಳವನ್ನು ಅದು ಆಶ್ವಯುಜ ಕೃಷ್ಣ ಅಂತ ತೋರಿಸುತ್ತದೆ. ಶುದ್ಧ ಪಕ್ಷದಲ್ಲಿ ಈ ತೊಂದರೆ ಇಲ್ಲ, ಎರಡರಲ್ಲೂ ಒಂದೇ ಹೆಸರು.

ಅವನಿಗೆ ಅನುಕೂಲ ಆಗುವುದು ಮಹಾಲಯ ಅಮಾವಾಸ್ಯೆಯೇ. ಇಲ್ಲಿ ಅದು ಅಕ್ಟೋಬರ್ 10, ಶನಿವಾರ. ಅಮಾವಾಸ್ಯೆ ಇಲ್ಲಿ ಮುಗಿಯುವುದು ಆ ರಾತ್ರಿ 9.20ರ ಹೊತ್ತಿಗೆ. ಅಂದರೆ ನ್ಯೂಜೆರ್ಸಿಯಲ್ಲಿ 10ರ ಬೆಳಿಗ್ಗೆ 11.50. ಅಲ್ಲಿನ ಅಪರಾಹ್ಣಕ್ಕೆ ಆಗಲೇ ಪಾಡ್ಯ ಬಂದಿರುತ್ತದೆ. ಅವನಿಗೆ ಅಪರಾಹ್ಣದ ಅಮಾವಾಸ್ಯೆ ಸಿಗುವುದು ಹಿಂದಿನ ದಿನ, ಶುಕ್ರವಾರ. 9ಕ್ಕೆ ಈಗಲೇ ರಜೆ ಹಾಕಿಡು ಅಂತ ಹೇಳಿದ್ದೇನೆ.